ತಡವಾಗಿ ಬಂದ ಉತ್ತರ

ಮಳೆಗಾಲದ ಆರಂಭದಲ್ಲಿ ಅಪ್ಪ ತೀರಿಕೊಂಡರು. ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೋದ ಮರುದಿನ ನಾನು ಬಲ್ಮಠದ ಆಫೀಸಿಗೆ ಮರಳಿದೆ. ಹೇಗಿದ್ದಿ ಎಂದು ಕೇಳಿದವರಿಗೆಲ್ಲ ಹುಷಾರಿದ್ದೇನೆ ಎಂದೆ. ಅಳು ಬಂದಿರಲಿಲ್ಲ. ಛತ್ರಿಯನ್ನು ಮೂಲೆಯಲ್ಲಿ ಬಿಡಿಸಿಟ್ಟು ಕಂಪ್ಯೂಟರ್ ಆನ್ ಮಾಡಿದೆ.

ಕೋಲ್ಡ್ ಸ್ಟೋರೇಜುಗಳ ಒಳಗಿನ ಚಳಿಯನ್ನು ಅಳೆದು ಮಾಲೀಕರ ಫೋನಿನಲ್ಲಿ ತೋರಿಸುವ ಸಣ್ಣ ಪೆಟ್ಟಿಗೆಗಳನ್ನು ಮಾಡುವುದು ನಮ್ಮ ಕೆಲಸ. ಆ ದಿನ ಮೊದಲ ಫೋನ್ ಬಂದದ್ದು ಬೋಟುಗಳು ನಿಲ್ಲುವ ದಕ್ಕೆಯ ಹತ್ತಿರ ಮೀನು ದಾಸ್ತಾನಿಟ್ಟು ಹೋಟೆಲುಗಳಿಗೆ ಕೊಡುವ ಒಬ್ಬ ಹೆಂಗಸಿನಿಂದ.

"ನಿಮ್ಮ ಮಿಷನಿನಲ್ಲಿ ಮೈನಸ್ ಹದಿನೆಂಟು ಉಂಟು. ನನ್ನ ಅಂಜಲ್ ಮೀನು ಮಾತ್ರ ಮೆತ್ತಗಾಗಿದೆ. ನಾನು ಮಿಷನನ್ನು ಸಾರು ಮಾಡ್ಲಿಕ್ಕುಂಟಾ?"

ಬೋಟುಗಳು ಕಡಲಿಗಿಳಿಯದ ಕಾಲ. ಮತ್ತೆ ಇಳಿಯುವವರೆಗೆ ಅವರ ಕೈಯಲ್ಲಿದ್ದದ್ದು ಆ ಕೋಣೆಯ ಮೀನು ಮಾತ್ರ. ಇನ್ನೊಮ್ಮೆ ಮೆತ್ತಗಿನ ಮೀನು ಹೋದರೆ ದೊಡ್ಡ ಹೋಟೆಲಿನವರು ಬೇರೆ ಕಡೆ ಹೋಗುತ್ತಾರೆ ಎಂದರು. ಮಧ್ಯಾಹ್ನವೇ ಹೋದೆ.

"ಇಂಜಿನಿಯರ್ ಕಳಿಸಿ ಅಂದ್ರೆ ಕಾಲೇಜು ಹುಡುಗಿಯನ್ನು ಕಳಿಸಿದ್ದಾರೆ ಮಾರಾಯ್ರೆ," ಎಂದು ಯಾರಿಗೋ ಫೋನಿನಲ್ಲಿ ಹೇಳುತ್ತಲೇ ನನಗೆ ಕುರ್ಚಿ ಎಳೆದುಕೊಟ್ಟರು.

ಕೋಣೆಯ ಪೆಟ್ಟಿಗೆ ತಾನಾಗಿ ಮಾತಾಡುವುದಿಲ್ಲ. ಹೊರಗಿನ ಗೇಟ್‌ವೇ ಎಂಬ ಇನ್ನೊಂದು ಯಂತ್ರ ಅದಕ್ಕೆ ಎರಡು ಪ್ರಶ್ನೆಗಳನ್ನು ಸರದಿಯಂತೆ ಕೇಳುತ್ತಿರುತ್ತದೆ: ಎಷ್ಟು ಚಳಿ ಇರಬೇಕು, ಈಗ ಎಷ್ಟಿದೆ. ಪ್ರತಿ ಪ್ರಶ್ನೆಯ ಜೊತೆ ಒಂದು ಟೋಕನ್ ಹೋಗುತ್ತದೆ, ಉತ್ತರ ಅದೇ ಟೋಕನ್ ಹೊತ್ತು ಬರುತ್ತದೆ. ಇದು ಯಾವ ಪ್ರಶ್ನೆಯ ಉತ್ತರ ಎಂದು ತಿಳಿಯಲು ಬೇರೆ ಗುರುತಿಲ್ಲ. ಕಡಿಮೆ ಶಕ್ತಿಯ ಯಂತ್ರಗಳು ಮಾತಾಡಿಕೊಳ್ಳಲೆಂದು ಮಾಡಿದ ಪ್ರೋಟೋಕಾಲ್. ಒಂದು ಅಕ್ಷರವೂ ಹೆಚ್ಚಿಗೆ ಕಳುಹಿಸುವುದಿಲ್ಲ.

ಲ್ಯಾಪ್‌ಟಾಪಿನಲ್ಲಿ ಇದನ್ನೆಲ್ಲ ನೋಡುತ್ತ ಅಲ್ಲಿ ಕೂತಿರುವಾಗಲೇ ಕರೆಂಟ್ ಹೋಯಿತು. ಕೆಲಸದವರೊಬ್ಬರು ಹಿತ್ತಲಿಗೆ ಹೋಗಿ ಜನರೇಟರ್ ಹಚ್ಚುವಷ್ಟರಲ್ಲಿ ಪೆಟ್ಟಿಗೆಯ ಉತ್ತರ ತಡವಾಯಿತು. ಬ್ಯಾಟರಿಯಿಂದ ನಡೆಯುವ ಗೇಟ್‌ವೇ ಸ್ವಲ್ಪ ಕಾದು, ಆ ಪ್ರಶ್ನೆಯನ್ನು ಕೈಬಿಟ್ಟು, ಅದರ ಟೋಕನನ್ನೇ ಮುಂದಿನ ಪ್ರಶ್ನೆಗೆ ಕೊಟ್ಟಿತು. ಆಮೇಲೆ ಬಂದ ಹಳೆಯ ಉತ್ತರವನ್ನು ಹೊಸದರದ್ದೆಂದು ತೆಗೆದುಕೊಂಡಿತು. ಮುಂದಿನದಕ್ಕೂ ಅದೇ ಟೋಕನ್ ಹೋಗುತ್ತಿದ್ದುದರಿಂದ ಅಲ್ಲಿಂದ ಪ್ರತಿ ಉತ್ತರವೂ ಒಂದು ಪ್ರಶ್ನೆ ಹಿಂದೆಯೇ ಉಳಿಯಿತು. ಎಷ್ಟು ಇದೆ ಎಂದು ಕೇಳಿದರೆ ಎಷ್ಟು ಇರಬೇಕು ಎಂಬುದೇ ಬರುತ್ತಿತ್ತು. ಕೋಣೆ ಹೇಗೇ ಇರಲಿ, ಪರದೆಯ ಮೇಲೆ ಮೈನಸ್ ಹದಿನೆಂಟು.

ಪ್ರತಿ ಪ್ರಶ್ನೆಗೂ ಊಹಿಸಲಾಗದ ಹೊಸ ಟೋಕನ್ ಕೊಡುವಂತೆ, ಕೈಬಿಟ್ಟ ಟೋಕನ್ ಹೊತ್ತು ಬಂದ ಉತ್ತರವನ್ನು ಎಸೆಯುವಂತೆ ಅಲ್ಲೇ ಕೂತು ಬದಲಾಯಿಸಿದೆ. ಪರದೆ ಮೈನಸ್ ಒಂಬತ್ತು ಎಂದಿತು.

"ಈಗ ಹಾಳಾಯ್ತಾ?"

"ಇಲ್ಲ ಅಕ್ಕ. ಈಗ ಸರಿಯಾಗಿ ಹೇಳ್ತಾ ಉಂಟು. ಚಳಿ ಮಾಡುವ ಮಿಷನಿನವರನ್ನು ಕರೆಸಿ."

ಅವರು ಪರದೆಯನ್ನು ನೋಡಿದರು, ಬೈದರು, ಮೆಕ್ಯಾನಿಕ್‌ಗೆ ಫೋನ್ ಮಾಡಿ ಅವನಿಗೂ ಬೈದರು. ಸಂಜೆಗೆ ಅಂಕಿ ಇಳಿಯತೊಡಗಿತು. ಬಾಗಿಲ ಹತ್ತಿರದ ಒಂದಿಷ್ಟು ಮೀನು ಹೋಯಿತು, ಉಳಿದದ್ದು ಉಳಿಯಿತು. ಹೊರಡುವಾಗ ನನ್ನ ಮುಖ ನೋಡಿ, "ಎಂತ ಮಗಾ, ಹುಷಾರಿಲ್ವಾ?" ಎಂದರು.

"ಹುಷಾರಿದ್ದೇನೆ."

"ಅಪ್ಪ ಹೋದ್ರಂತೆ. ನಿನ್ನ ಆಫೀಸಿನವರು ಹೇಳಿದ್ರು."

ನಾನು ಛತ್ರಿ ಬಿಡಿಸಿದೆ. ಅವರು ಕೇಳಲಿಲ್ಲ ಮತ್ತೆ. ಆಟಿ ತಿಂಗಳಲ್ಲಿ ಅಪ್ಪನಿಗೆ ಬಡಿಸುವ ದಿನ ಯಾವಾಗ ಎಂದಷ್ಟೇ ಕೇಳಿದರು. ಬಡಿಸುವ ದಿನ ಬೆಳಿಗ್ಗೆ ದೇರೆಬೈಲಿನ ನಮ್ಮ ಮನೆಗೆ ಅವರ ಕಡೆಯಿಂದ ಗಟ್ಟಿಯಾದ ಅಂಜಲ್ ತುಂಡುಗಳು ಬಂದವು.

ತೀರಿಕೊಂಡವರಿಗೆ ಆಟಿ ತಿಂಗಳಲ್ಲಿ ಬಾಳೆಲೆಯಲ್ಲಿ ಬಡಿಸಿ, ಬಾಗಿಲು ಮುಚ್ಚಿ, ಮನೆಯವರು ಹೊರಗೆ ಕಾಯುತ್ತೇವೆ. ಅವರು ಉಂಡರು ಅನಿಸಿದ ಮೇಲೆ ಬಾಗಿಲು ತಟ್ಟಿ ತೆರೆಯುವುದು. ಅಮ್ಮ ತೆಂಗಿನಕಾಯಿ ಅರೆದು ಅಂಜಲಿನ ಗಸಿ ಮಾಡಿದ್ದರು. ಹಿರಿಯರ ಎಲೆಗಳ ಪಕ್ಕ ಅಪ್ಪನದನ್ನು ಹಾಕಿ, ಬಂದು ಉಣ್ಣಿ ಎಂದು ಕರೆದು, ಹೊರಬಂದು ಬಾಗಿಲೆಳೆದರು. ನಾವಿಬ್ಬರೂ ಚಾವಡಿಯ ನೆಲದಲ್ಲಿ ಕೂತೆವು. ಒಳಗಿಂದ ಗಸಿಯ ಪರಿಮಳ ಬರುತ್ತಿತ್ತು. ಹೊರಗೆ ಮಳೆ ಬಿಟ್ಟಿತ್ತು.

ಎಷ್ಟು ಹೊತ್ತು ಕಾಯಬೇಕು ಎಂಬುದನ್ನು ನಮ್ಮ ಕೆಲಸದಲ್ಲಿ ಮೊದಲೇ ಬರೆದಿಡಬೇಕು. ಇಲ್ಲವಾದರೆ ಗೇಟ್‌ವೇ ಒಂದೇ ಪ್ರಶ್ನೆಯ ಮುಂದೆ ಕೂತುಬಿಡುತ್ತದೆ. ಸಾಕಷ್ಟು ಹೊತ್ತಾಯಿತೆನಿಸಿ ನಾನು ಎದ್ದು ಬಾಗಿಲು ತಟ್ಟಲು ಕೈ ಎತ್ತಿದೆ.

"ಇರು," ಎಂದರು ಅಮ್ಮ. "ಅವರದ್ದು ಊಟ ನಿಧಾನ ಅಲ್ವಾ."

ಕೈ ಇಳಿಸಿ ಮತ್ತೆ ಅಮ್ಮನ ಪಕ್ಕ ಕೂತೆ.