ಬಿಗಿಯಾಗಿ ಎಳೆದ ಅಡಿಬಟ್ಟೆ

ಹೊಸ ಕೋರಾ ಬಟ್ಟೆಯನ್ನು ನೀರಿಗೆ ಹಾಕಿದಾಗ ಏಳುವ ಗಂಜಿಯ ವಾಸನೆ ನಿಮಗೆ ಗೊತ್ತಿರಬಹುದು. ಮೊನ್ನೆ ಶೆಟ್ಟಿಹಳ್ಳಿಯ ನಮ್ಮ ಮನೆಯ ಹಿತ್ತಲಲ್ಲಿ ಅದೇ ವಾಸನೆ, ಸೊಸೆ ಲತಾ ಬಟ್ಟೆ ನೆನೆಹಾಕಿದ್ದಳು. ಅವಳು ಹತ್ತಿರದ ಸತ್ಯಮಂಗಲದ ಒಂದು ಶೆಡ್ಡಿನಲ್ಲಿ ಕೌದಿ ಹೊಲಿಯುವ ದೊಡ್ಡ ಮೆಷಿನ್ ಹಾಕಿಸಿದ್ದಾಳೆ. ಉದ್ದನೆಯ ಉರುಳೆಗಳ ನಡುವೆ ಬಟ್ಟೆ ನಿಂತಿರುತ್ತದೆ, ಸೂಜಿಯೇ ಓಡಾಡುತ್ತದೆ. ಕೌದಿಯ ತಳಕ್ಕೆ ಬರುವ ಅಡಿಬಟ್ಟೆಯನ್ನು ಉರುಳೆಗೆ ಏರಿಸಲು ಇನ್ನೆರಡು ಕೈ ಬೇಕೆಂದು ನನ್ನನ್ನು ಕರೆದೊಯ್ದಳು. ಹಿಡಿದೆ, ಎಳೆದೆ.

“ಅತ್ತೆ, ಅಷ್ಟೊಂದು ಎಳೀಬೇಡಿ. ಬಟ್ಟೆ ಎಲ್ಲೂ ಓಡೋಗಲ್ಲ,” ಎಂದಳು.

ನಕ್ಕೆ. ಆದರೆ ಮನೆ ತಲುಪುವವರೆಗೂ ಗುಬ್ಬಿಯ ಚಿಕ್ಕಮ್ಮನದೇ ನೆನಪು.

ಎಪ್ಪತ್ತರ ದಶಕದ ಕೊನೆ. ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಅಮ್ಮನ ತಂಗಿಯಾದ ಚಿಕ್ಕಮ್ಮ ಗುಬ್ಬಿಯಲ್ಲಿ ಕೌದಿ ಹೊಲಿದುಕೊಡುತ್ತಿದ್ದಳು. ನಡುಮನೆಯ ತುಂಬ ಅವಳ ಮರದ ಚೌಕಟ್ಟು. ಎರಡು ತುದಿಗೆ ಎರಡು ಉರುಳೆ, ತಿರುಗದಂತೆ ತಡೆಯಲು ಒಂದು ಗೂಟ. ಅಡಿಬಟ್ಟೆಯ ವಿಷಯದಲ್ಲಿ ಅವಳದು ಕಟ್ಟುನಿಟ್ಟು: ನೆನೆಸಿ ಒಣಗಿಸಬೇಕು, ಕತ್ತರಿ ಮುಟ್ಟಿಸದೆ ನೂಲಿನೆಳೆಯ ನೇರಕ್ಕೆ ಹರಿಯಬೇಕು, ಸುತ್ತಲೂ ಒಂದು ಗೇಣು ಹೆಚ್ಚಿಗೆ ಇರಬೇಕು.

ಕುಣಿಗಲ್‌ನಲ್ಲಿದ್ದ ನನ್ನ ಅಕ್ಕನಿಗೆ ಮೊದಲ ಮಗು. ಗಂಡನ ಮನೆಯಲ್ಲಿ ಭಾನುವಾರ ತೊಟ್ಟಿಲು ಶಾಸ್ತ್ರ. ಅಮ್ಮನ ಸೀರೆಗಳಲ್ಲಿ ಉಳಿದಿದ್ದದ್ದು ಒಂದೇ, ಕಂದು ಅಂಚಿನ ಹಸಿರು ನೂಲಿನ ಸೀರೆ. ಅದನ್ನೇ ಮೇಲ್ಬಟ್ಟೆ ಮಾಡಿ ಹೊಲಿದ ಕೌದಿ ತವರಿನಿಂದ ಬರುತ್ತದೆಂದು ಅಕ್ಕ ಅತ್ತೆಯವರ ಮುಂದೆ ಹೇಳಿಕೊಂಡಿದ್ದಳು.

ಚಿಕ್ಕಮ್ಮ ಯಾರದೋ ಮದುವೆಗೆ ಎರಡು ದಿನ ಚೇಳೂರಿಗೆ ಹೊರಟಳು. “ಅಡಿಬಟ್ಟೆ ಏರಿಸಿಡು. ನಾನು ಬಂದು ಕೈಯಿಟ್ಟು ನೋಡೋಗಂಟ ಸೂಜಿ ಹಾಕ್ಬೇಡ ಕಣೇ,” ಎಂದಿದ್ದಳು.

ನಾನು ಆಗ ತುಮಕೂರಿನ ಹಾಸ್ಟೆಲಿನಲ್ಲಿದ್ದು ಟೀಚರ್ ಟ್ರೈನಿಂಗ್ ಮುಗಿಸಿ ಚಿಕ್ಕಮ್ಮನ ಮನೆಗೆ ಬಂದಿದ್ದವಳು. ಅಲ್ಲಿ ಬೆಳಿಗ್ಗೆ ಐದೂವರೆಗೆ ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೂ ತಿಂಡಿ ತಡವಾಗುತ್ತಿತ್ತು. ಸುಕ್ಕಿಲ್ಲದ್ದೇ ಸರಿ ಎಂದು ಕಲಿತಿದ್ದೆ. ಈಗಲೂ ಅರ್ಧ ನಂಬಿದ್ದೇನೆ. ಗೂಟ ಹಾಕಿ, ಮಂಡಿಯೂರಿ, ಅಡಿಬಟ್ಟೆಯನ್ನು ತಮಟೆಯಂತೆ ಬಿಗಿದೆ. ಎಷ್ಟು ಚೆನ್ನಾಗಿ ಕಂಡಿತೆಂದರೆ, ಕಾಯುವುದೇಕೆ ಎಂದು ಹಳೆಯ ಪಂಚೆಗಳ ಪದರ, ಅದರ ಮೇಲೆ ಅಮ್ಮನ ಸೀರೆ ಹಾಸಿ ಎರಡು ದಿನದಲ್ಲಿ ಅರ್ಧಕ್ಕಿಂತ ಹೆಚ್ಚು ಹೊಲಿದೆ.

ಶುಕ್ರವಾರ ಚಿಕ್ಕಮ್ಮ ಬಂದವಳೇ ಬೆರಳಿಂದ ಒತ್ತಿ ನೋಡಿದಳು. ಗೂಟ ತೆಗೆದಳು. ಅಡಿಬಟ್ಟೆ ಹಿಂದಕ್ಕೆ ಸೇದಿಕೊಂಡಿತು. ಸೀರೆಯೆಲ್ಲ ಮುದುರಿ, ಎರಡು ಕಡೆ ಹಳೆಯ ನೂಲು ಪಿಸಿದು ಬಿಟ್ಟುಕೊಂಡಿತು.

“ಎಳೆದಷ್ಟೂ ಅದು ವಾಪಸ್ ಹೋಗ್ತದೆ. ಬೆರಳು ಒತ್ತಿದ್ರೆ ಒಂಚೂರು ತಗ್ಗಬೇಕು,” ಎಂದು ಬ್ಲೇಡು ತಂದಳು. “ಇನ್ನು ಬಿಚ್ಚು. ಸೀರೆಗೆ ತಾಗಿಸ್ಬೇಡ.”

ಶನಿವಾರ ಕೌದಿ ಒಯ್ಯಲೆಂದು ಅಕ್ಕ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದಾಗ ನಾನಿನ್ನೂ ಬಿಚ್ಚುತ್ತಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಮ್ಮ ಅಂದಳು: “ನಾನೇ ಅಡಿಬಟ್ಟೆ ಬಿಗಿ ಮಾಡ್ಬುಟ್ಟೆ ಕಣವ್ವ. ಕೈತಪ್ಪಾಯ್ತು.”

“ಇಷ್ಟು ವರ್ಷದಿಂದ ಹೊಲಿಯೋ ನಿಂಗೇ ಹಿಂಗಾ? ಊರೋರ್ದೆಲ್ಲಾ ಸರಿ ಬರ್ತದೆ, ನಮ್ಮಮ್ಮನ ಸೀರೆಗೇ ಆಗ್ಬೇಕಿತ್ತಾ?” ಎಂದು ಅಕ್ಕ ಕೂರದೆಯೇ ಹೊರಟುಹೋದಳು. ನಾನು ತಲೆಯೆತ್ತಲಿಲ್ಲ.

“ನೀವಿಬ್ರೇ ಅಕ್ಕತಂಗೀರು,” ಎಂದಳು ಚಿಕ್ಕಮ್ಮ ಆಮೇಲೆ. “ನನ್ ಮೇಲೆ ಎಷ್ಟು ದಿನ ಮುನಿಸ್ಕೋತಾಳೆ, ಬುಡು.”

ಮತ್ತೆ ಏರಿಸಿ ಇಬ್ಬರೂ ಹೊಲಿದೆವು. ಪಿಸಿದ ಕಡೆ ಅವಳು ಹಾಕಿದ ತೇಪೆ ಹುಡುಕಿದರೂ ಕಾಣದು. ಕೌದಿ ಕುಣಿಗಲ್ ಸೇರಿದ್ದು ಶಾಸ್ತ್ರ ಮುಗಿದ ಹತ್ತು ದಿನಕ್ಕೆ. ಅಕ್ಕನ ಮುನಿಸು ಮಾತ್ರ ಚಿಕ್ಕಮ್ಮ ಅಂದುಕೊಂಡಂತೆ ಬೇಗ ಇಳಿಯಲಿಲ್ಲ. ಹಬ್ಬಕ್ಕೆ ಬಂದರೂ ಎರಡು ಮಾತಾಡಿ ಏಳುತ್ತಿದ್ದಳು. ಚಿಕ್ಕಮ್ಮ ಅದನ್ನು ನನ್ನ ಬದಲಿಗೆ ಹೊತ್ತಳು, ಒಂದು ದಿನವೂ ನನ್ನತ್ತ ಬೆರಳು ತೋರಲಿಲ್ಲ. ಅಕ್ಕ ನನಗೆ ಅಕ್ಕನಾಗಿಯೇ ಉಳಿದದ್ದು ಅದರಿಂದ.

ಮೊನ್ನೆ ಶೆಡ್ಡಿನಿಂದ ಬಂದವಳು ಕುಣಿಗಲ್‌ಗೆ ಅಕ್ಕನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ.

“ಈಗ ಹೇಳ್ತೀಯಲ್ಲೇ,” ಎಂದಳು ಅಕ್ಕ. “ಚಿಕ್ಕಮ್ಮಂಗೆ ಕಿವಿ ಕೇಳಿಸ್ತದಾ ಇನ್ನೂ?”

“ಹತ್ರ ಕೂತು ಹೇಳಿದ್ರೆ ಕೇಳಿಸ್ತದೆ.”

“ಸರಿ, ನಾಳೆ ಬರ್ತೀನಿ. ಇಬ್ರೂ ಗುಬ್ಬಿಗೆ ಹೋಗಿ ಹತ್ರ ಕೂತ್ಕೊಳಣ.”

ಎಷ್ಟು ಗಂಟೆಯ ಬಸ್ಸಿಗೆ ಎಂದು ಕೇಳಿ ಅದನ್ನೂ ಬಿಗಿ ಮಾಡಲು ನಾನು ಹೋಗಲಿಲ್ಲ.