ಗೌರಕ್ಕನ ಗೇಣು ರೊಟ್ಟಿ

ಮೊನ್ನೆ ಹಗರಿಬೊಮ್ಮನಹಳ್ಳಿಯ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ಖಡಕ್ ರೊಟ್ಟಿಯ ಒಂದು ಕಟ್ಟು ಕೊಂಡು ಮನೆಗೆ ತಂದೆ. ಹೆಂಡತಿ ಕವರು ಕತ್ತರಿಸಿದ್ದೇ ತಡ, ಸುಟ್ಟ ಜೋಳದ ವಾಸನೆ ಅಡುಗೆಮನೆಯಿಂದ ಪಡಸಾಲೆಗೆ ಬಂತು. "ಎಷ್ಟು ರೊಟ್ಟಿ ಅದಾವಂತ ಇದರ ಮ್ಯಾಲೆ ಬರದೇ ಇಲ್ಲಲ್ರೀ," ಎಂದು ಆಕೆ ಕವರನ್ನು ತಿರುವಿ ತಿರುವಿ ನೋಡಿದಳು. ತೂಕ ಇತ್ತು, ತಯಾರಾದ ದಿನ ಇತ್ತು, ರೊಟ್ಟಿ ಎಷ್ಟು ಎಂಬುದು ಮಾತ್ರ ಇರಲಿಲ್ಲ. ನನಗೆ ನಗು ಬಂತು. ಯಾಕೆ ಎಂದು ಹೇಳಬೇಕಾದರೆ ನಿಮ್ಮನ್ನು ಕೊಟ್ಟೂರಿನ ಒಂದು ಮನೆಗೆ ಕರೆದೊಯ್ಯಬೇಕು. ನನ್ನ ಪೆದ್ದುತನವೂ ಅದರಲ್ಲಿ ಸೇರಿದೆ, ಹಾಗಾಗಿ ಹೆಂಡತಿಗೂ ಇಷ್ಟು ವರ್ಷ ಹೇಳಿರಲಿಲ್ಲ.

ಆಗ ನಾನು ಕೊಟ್ಟೂರಿನಲ್ಲಿ ವಾಣಿಜ್ಯಶಾಸ್ತ್ರದ ಮೇಷ್ಟ್ರು. ವ್ಯಾಪಾರ ಮಾಡುವುದು ಹೇಗೆ ಎಂದು ಊರ ಮಕ್ಕಳಿಗೆಲ್ಲ ಪಾಠ ಹೇಳುತ್ತಿದ್ದವನು, ಸಂತೆಯಲ್ಲಿ ಕೊತ್ತಂಬರಿ ಕೊಂಡರೂ ಮೋಸ ಹೋಗಿ ಬರುತ್ತಿದ್ದೆ. ಬಾಡಿಗೆಗಿದ್ದದ್ದು ಗೌರಕ್ಕನ ಮನೆಯ ಮುಂದಿನ ಕೋಣೆಯಲ್ಲಿ. ಆಕೆಯ ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ಆಕೆ ಮತ್ತು ಅತ್ತೆ ಬಸಮ್ಮಜ್ಜಿ, ಇಬ್ಬರೇ. ನನ್ನ ಬಾಡಿಗೆಯೊಂದರಿಂದ ಒಲೆ ಉರಿಯುವಂತಿರಲಿಲ್ಲ. ಗೌರಕ್ಕ ಖಡಕ್ ರೊಟ್ಟಿ ಮಾಡಿ ಮಾರುತ್ತೇನೆಂದಳು.

ಅಜ್ಜಿ ಕೆಂಡವಾದಳು. "ಬಂದೋರಿಗೆ ರೊಟ್ಟಿ ನೀಡೋ ಮನಿ ಇದು, ಮಾರೋ ಮನಿ ಅಲ್ಲ." ಎಂಟು ದಿನ ಸೊಸೆಯೊಡನೆ ಮಾತು ಬಿಟ್ಟಳು. ಆಮೇಲೆ ತಾನಾಗಿಯೇ ಬಂದು ಎರಡು ಷರತ್ತು ಹಾಕಿದಳು. ಮೊದಲನೆಯದು, ರೊಟ್ಟಿ ಎಣಿಸಕೂಡದು. ಬುಟ್ಟಿಯ ರೊಟ್ಟಿ ಎಣಿಸಿದರೆ ಹುಲುಸು ಹೋಗುತ್ತದೆಂದು ಹಳಬರ ನಂಬಿಕೆ. ಎರಡನೆಯದು, "ಯಾರ ಬಾಯಾಗರ ಕೆಟ್ಟ ಮಾತು ಬಂತಂದ್ರ ಅವತ್ತೇ ಒಲಿ ಆರಸಬೇಕು."

ಎಣಿಸದೆ ಮಾರುವುದು ಹೇಗೆ? ನಾನು ಪುಸ್ತಕ ತಿರುವುತ್ತಿದ್ದಾಗ ಗೌರಕ್ಕ ಅತ್ತೆಯ ಅಂಗೈ ಅಗಲಿಸಿ, ಒಟ್ಟಿದ ರೊಟ್ಟಿಗಳ ಪಕ್ಕ ನೆಟ್ಟಗೆ ಹಿಡಿದಳು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಒಂದು ಗೇಣು. ಅಜ್ಜಿಯ ಗೇಣೆತ್ತರ ಒಟ್ಟಿದರೆ ಒಂದು ಕಟ್ಟು. ಅಜ್ಜಿಯದೋ ಉದ್ದ ಬೆರಳಿನ ಕೈ. ರೊಟ್ಟಿ ತೆಳ್ಳಗಾದಷ್ಟೂ ಗಿರಾಕಿಗೆ ಲಾಭ, ಬಡಿಯುವವಳಿಗೆ ದುಡಿತ.

"ಲುಕ್ಸಾನ ಆಗ್ತೈತಲ್ಲಕ್ಕ, ಒಂದೀಟು ದಪ್ಪ ಬಡಿ," ಎಂದೆ.

"ದಪ್ಪ ಬಡಿದ್ರ ಒಮ್ಮೆ ತಗೊಂಡು ಹೋಗ್ತಾರ. ತೆಳ್ಳಗ ಬಡಿದ್ರ ಮತ್ತ ಬರ್ತಾರ್ರಿ ಮೇಷ್ಟ್ರೇ."

ಇದನ್ನೇ ಹೇಳಲು ನಾನು ತರಗತಿಯಲ್ಲಿ ಒಂದಿಡೀ ಅಧ್ಯಾಯ ತೆಗೆದುಕೊಳ್ಳುತ್ತಿದ್ದೆ.

ಓಣಿಯೊಳಗೇ ನಡೆಯುತ್ತಿದ್ದ ವ್ಯಾಪಾರಕ್ಕೆ ಹರಪನಹಳ್ಳಿಯ ಒಂದು ಮದುವೆ ಮನೆಯಿಂದ ದೊಡ್ಡ ಆರ್ಡರ್ ಬಂತು. ಬೇಯಿಸಿದ ರೊಟ್ಟಿಯನ್ನು ಒಲೆಯ ಬದಿಗೆ ಒಣಗಿಸಿ, ಬುಟ್ಟಿಯಲ್ಲಿ ಬಟ್ಟೆ ಹೊದಿಸಿ ಒಂದು ದಿನ ಆರಲು ಬಿಡುವುದು ರೂಢಿ. ನಾನು ಪ್ಲಾಸ್ಟಿಕ್ ಕವರು ತಂದು, "ಬಿಸಿ ಇದ್ದಾಗ ಗಾಳಿ ಆಡದಂಗ ಕಟ್ಟಿದ್ರ ಗರಿಗರಿ ಉಳಿತಾವಕ್ಕ," ಎಂದು ಪಾಠ ಶುರುಮಾಡಿದೆ. ಗೌರಕ್ಕ ಅನುಮಾನದಿಂದ ನನ್ನ ಮುಖ ನೋಡಿದಳು, ಆಮೇಲೆ ಬಿಸಿ ರೊಟ್ಟಿಗಳನ್ನೇ ಕವರಿಗೆ ತುಂಬತೊಡಗಿದಳು. ಮೇಣದಬತ್ತಿಯ ಉರಿಗೆ ಹ್ಯಾಕ್ಸಾ ಬ್ಲೇಡು ಕಾಯಿಸಿ ಕವರುಗಳ ಬಾಯಿ ಅಂಟಿಸಿದವನೂ ನಾನೇ.

ಮದುವೆಗೆ ಇನ್ನು ಎರಡೇ ದಿನ ಇದೆ ಎನ್ನುವಾಗ ಆ ಮನೆಯ ಯಜಮಾನರು ಚೀಲಗಳನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು ಅಂಗಳದಲ್ಲಿ ಸುರಿದರು. ಕವರಿನೊಳಗೆಲ್ಲ ಬೆವರು, ರೊಟ್ಟಿಯ ಮೇಲೆ ಹಸಿರು ಬೂಸು.

"ಏನಮ್ಮಾ ಇದು? ಬೀಗರ ಮುಂದೆ ನಮ್ಮ ಮಾನ ಏನಾಗ್ಬೇಕು?"

ಗೌರಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ತಪ್ಪು ನಂದ್ರಿ ಯಜಮಾನ್ರ. ಅಷ್ಟೂ ಹೊಸದಾಗಿ ಮಾಡಿ ನಾನ ತಂದು ಮುಟ್ಟಸ್ತೀನಿ."

ಅವರು ಹೋದ ಮೇಲೆ ಅಜ್ಜಿ ಹೊಸ್ತಿಲಿಗೆ ಬಂದಳು. "ಆರಸು ಒಲಿ."

ನನಗೆ ಸುಮ್ಮನಿರಲಾಗಲಿಲ್ಲ. "ಬಿಸೀದು ಕಟ್ಟಿಸಿದ್ದು ನಾನು ಅಜ್ಜಿ," ಎಂದೆ. ನಾಚಿಕೆಯಿಂದ ಕುಗ್ಗಿ ಹೋಗಿದ್ದೆ.

"ಓದಿದೋರಿಗೆ ಒಲಿ ವಿಷ್ಯ ಗೊತ್ತಿರಾಂಗಿಲ್ಲ, ಹೋಗ್ಲಿ. ನಿನಗ ಗೊತ್ತಿತ್ತಲ್ಲ?" ಅಜ್ಜಿ ಸೊಸೆಯನ್ನು ಕೇಳಿದಳು.

"ಗೊತ್ತಿತ್ತು ಅತ್ತಿ. ಕಲ್ತೋರು ಹೇಳ್ಯಾರಂತ ನನ್ನ ಕೈ ಮಾತು ಕೇಳಲಿಲ್ಲ. ಆದ್ರ ಇವತ್ತು ಒಲಿ ಆರಿಸಿದ್ರ ಕೆಟ್ಟ ಮಾತು ಹರಪನಹಳ್ಳ್ಯಾಗ ಹಂಗ ಉಳೀತೈತಿ. ಅದನ್ನ ಅಳಿಸಿ ಬರ್ತೀನಿ, ಆಮ್ಯಾಲ ನೀವು ಹೇಳಿದಂಗ ಮಾಡ್ತೀನಿ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡನೆಯ ಒಲೆಯ ಮುಂದೆ ಕೂತು, "ಹಿಟ್ಟು ಇತ್ತಾಗ ತಳ್ಳು," ಎಂದಳು. ಮಾರುವುದಕ್ಕೆಂದು ಅಜ್ಜಿ ಬಡಿದ ಮೊದಲ ರೊಟ್ಟಿ ಅದು. ನಾನು ಗಿರಣಿಗೂ ಮನೆಗೂ ಸೈಕಲ್ ತುಳಿದೆ; ಅದಕ್ಕಿಂತ ದೊಡ್ಡ ಕೆಲಸವನ್ನು ಯಾರೂ ನನ್ನ ಕೈಗೆ ಕೊಡಲಿಲ್ಲ.

ಮದುವೆಯ ಬೆಳಿಗ್ಗೆ ಆರಿದ ರೊಟ್ಟಿಯ ಬುಟ್ಟಿಗಳನ್ನು ಮೊದಲ ಬಸ್ಸಿಗೆ ಹೇರಿ ಮೂವರೂ ಹೋದೆವು. ಯಜಮಾನರು ಒಂದನ್ನು ಎತ್ತಿ ಮುರಿದರು. ಪಟ್ಟನೆ ಮುರಿಯಿತು. ಅವರು ನಮ್ಮನ್ನು ಮೊದಲ ಪಂಕ್ತಿಗೇ ಕೂರಿಸಿದರು. ಅವತ್ತು ಉಂಡವರೇ ಮುಂದೆ ಹಡಗಲಿಯಿಂದ, ಕೂಡ್ಲಿಗಿಯಿಂದ, ಕಾನಹೊಸಹಳ್ಳಿಯಿಂದ ರೊಟ್ಟಿಗೆ ಹೇಳಿ ಕಳಿಸಿದರು. ಒಲೆ ಆರಿಸುವ ಮಾತನ್ನು ಅಜ್ಜಿ ಮತ್ತೆ ಎತ್ತಲಿಲ್ಲ.

ಮುಂದಿನದೇನೂ ಸಲೀಸಾಗಿರಲಿಲ್ಲ ಅನ್ನಿ. ಜೋಳ ತುಟ್ಟಿಯಾಯಿತು, ಕೆಲಸ ಕಲಿತವರು ಬಿಟ್ಟು ಹೋದರು, ಒಮ್ಮೆ ಬಿರುಗಾಳಿಗೆ, ರೊಟ್ಟಿ ಕೆಲಸಕ್ಕೆಂದು ಹಾಕಿಸಿದ್ದ ಶೆಡ್ಡಿನ ತಗಡೇ ಹಾರಿತು. ಗೌರಕ್ಕ ಮಾರನೆಯ ದಿನ ಬಯಲಿನಲ್ಲೇ ಒಲೆ ಹೂಡಿದಳು. ಇವತ್ತು ಆ ಶೆಡ್ಡಿನಲ್ಲಿ ಓಣಿಯ ಅರ್ಧ ಹೆಂಗಸರು ದುಡಿಯುತ್ತಾರೆ. ಅಜ್ಜಿ ತೀರಿಕೊಳ್ಳುವ ಮುಂಚೆ ತನ್ನ ಗೇಣಿಗೆ ಸರಿಯಾಗಿ ಒಂದು ಬೇವಿನ ಕಡ್ಡಿ ಕತ್ತರಿಸಿ ಕೊಟ್ಟಿದ್ದಳು. ತೂಕದ ಯಂತ್ರ ಬಂದ ಮೇಲೂ ಪ್ರತಿ ಕಟ್ಟು ಮೊದಲು ಆ ಕಡ್ಡಿಯ ಪಕ್ಕ ನಿಂತು ಬರಬೇಕು; ಮೊನ್ನೆ ನಾನು ಕೊಂಡು ತಂದದ್ದೂ ಅಲ್ಲಿಂದಲೇ ಬಂದ ಕಟ್ಟು. ನನ್ನ ಕೈಕೆಳಗೆ ಓದಿದವರು ಎಷ್ಟೋ ಜನ ದೊಡ್ಡ ದೊಡ್ಡ ಕೆಲಸದಲ್ಲಿದ್ದಾರೆ, ಸಂತೋಷ. ಆದರೆ ನಾನು ಎದೆಯುಬ್ಬಿಸಿ ಹೇಳಿಕೊಳ್ಳುವುದು ನನ್ನ ಪಾಠ ಪಕ್ಕಕ್ಕಿಟ್ಟು ಗೆದ್ದ ಗೌರಕ್ಕನ ಬಗ್ಗೆ.

ಅಡುಗೆಮನೆಯಲ್ಲಿ ಹೆಂಡತಿ "ಒಂದು, ಎರಡು, ಮೂರು..." ಎಂದು ಶುರುಮಾಡಿದ್ದಳು. ಎದ್ದು ಹೋಗಿ ಕೈ ಅಡ್ಡ ಹಿಡಿದೆ. "ಎಣಿಸಬ್ಯಾಡ." ಜೀವಮಾನವೆಲ್ಲ ಲೆಕ್ಕ ಕಲಿಸಿದ ಗಂಡನಿಗೆ ಇದೇನಾಯಿತೆಂದು ಆಕೆ ಬೆರಗಾದಳು. ಅವಳನ್ನು ಕೂರಿಸಿ, ಏನೂ ಮುಚ್ಚಿಡದೆ ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸಿ, ರೊಟ್ಟಿಗಳನ್ನು ಮತ್ತೆ ಒಂದರ ಮೇಲೊಂದು ಒಟ್ಟಿ, ಪಕ್ಕದಲ್ಲಿ ನನ್ನ ಗೇಣು ಹಿಡಿದೆ. ಬೆರಳು ನೋಯುವಷ್ಟು ಚಾಚಿದರೂ, ಮೇಲೆ ಎರಡು ರೊಟ್ಟಿ ಉಳಿದೇ ಇದ್ದವು.