ಡ್ರೈವರ್ರ ಎಡಗಡೆ

ಮೂವತ್ತೊಂದು ವರ್ಷ ಬಸ್ಸು ಓಡಿಸಿದವರನ್ನು ನಿವೃತ್ತಿಯಾದ ಮರುದಿನದಿಂದ ಬೇರೆ ಹೆಸರಲ್ಲಿ ಕರೆಯಿರಿ ಅಂದರೆ ಯಾರು ತಾನೇ ಕರೆಯುತ್ತಾರೆ? ಕ್ಷೌರದಂಗಡಿಯವನಿಗೂ ಅವರು ಡ್ರೈವರ್ರು, ಸ್ವಂತ ಮಗಳ ಅತ್ತೆಗೂ ಡ್ರೈವರ್ರು. ಹೆಂಡತಿಗಂತೂ ಮದುವೆಗೆ ಮುಂಚಿನಿಂದಲೂ ಡ್ರೈವರ್ರೇ. ಆಕೆ ಅದೇ ಬಸ್ಸಿನ ಕಂಡಕ್ಟರು. ಇವರು ಮುಂದೆ, ಆಕೆ ಹಿಂದೆ. ನಡುವೆ ಅರವತ್ತು ಜನರ ಗಲಾಟೆ. ಹಾಗಾಗಿ ಮಾತಿಗಿಂತ ಬಡಿತವೇ ಹೆಚ್ಚು. ಹಿಂಬಾಗಿಲ ಪಕ್ಕದ ತಗಡಿಗೆ ಅಂಗೈಯಲ್ಲಿ ಒಂದು ಬಡಿದರೆ ನಿಲ್ಲಿಸು, ಎರಡು ಬಡಿದರೆ ಹೊರಡು. ಎರಡು ಬಡಿತ ಕೇಳಿದ ಮೇಲೆ ಡ್ರೈವರ್ರು ಒಂದು ದಿನವೂ ಹಿಂದೆ ತಿರುಗಿ ನೋಡಿದವರಲ್ಲ. ಆಕೆಯ ಕೈಯ ಮೇಲೆ ಅಷ್ಟು ನಂಬಿಕೆ.

ಪ್ರತಿ ಬೇಸಿಗೆಯಲ್ಲೂ ಪೆಟ್ಟಿಗೆ, ಮಕ್ಕಳು ಸಮೇತ ಸಮುದ್ರದ ಕಡೆ ಹೊರಟವರನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸಿದ್ದೇ ಬಂತು. ತಾವು ಹೋಗೋಣವೆಂದರೆ ಒಬ್ಬರಿಗೆ ರಜೆ ಸಿಕ್ಕಾಗ ಇನ್ನೊಬ್ಬರಿಗಿಲ್ಲ. "ರಿಟೈರ್ ಆಗ್ಲಿ, ದಕ್ಷಿಣದ ಮೂರೂ ಹಳೇ ಬಂದರು ನೋಡ್ಕೊಂಡು ಬರೋಣ. ದೀಪಸ್ತಂಭದ ಊರು, ಕೋಟೆ ಊರು, ಹಡಗು ಕಟ್ಟೋ ಊರು. ನಮ್ಮದೇ ಗಾಡೀಲಿ" ಅಂತ ಡ್ರೈವರ್ರು ಮಾತು ಕೊಟ್ಟು ಇಪ್ಪತ್ತು ವರ್ಷವಾಗಿತ್ತು. ಕೊನೆಗೂ ಹಳೇ ಕಾರೊಂದು ಬಂತು, ಬೇಸಿಗೆಯೂ ಬಂತು. ಕಂಡಕ್ಟ್ರಮ್ಮ ನೀಲಿ ಬಟ್ಟೆ ಉಟ್ಟು, ನೀರಿನ ಡಬ್ಬ ಹಿಡಿದು, ಸೀದಾ ಹಿಂದಿನ ಸೀಟಿಗೆ ಹೋಗಿ ಕುಳಿತರು.

"ಮುಂದೆ ಬಾರೇ, ನೋಡಿದೋರು ನನ್ನ ಬಾಡಿಗೆ ಡ್ರೈವರ್ ಅಂದ್ಕೊತಾರೆ."

"ಮುಂದೆ ಕೂತ್ರೆ ಎದುರಿಗೆ ಬರೋ ಲಾರಿಯೆಲ್ಲ ನನ್ನ ಮೈಮೇಲೆ ಬಂದ ಹಾಗಾಗುತ್ತೆ. ಹಿಂದೇನೇ ನನ್ನ ಜಾಗ. ಹೊರಡಿ!" ಬಾಗಿಲಿಗೆ ಎರಡು ಬಡಿತ ಬಿತ್ತು.

ಡ್ರೈವರ್ರ ಎಡಗಣ್ಣು ಕಾಣುತ್ತಿರಲಿಲ್ಲ. ಒಂದು ವರ್ಷದ ಹಿಂದೆ ಓದುವ ಕನ್ನಡಕಕ್ಕೆಂದು ಒಬ್ಬರೇ ಹೋಗಿದ್ದಾಗ ಡಾಕ್ಟರು ಬಲಗಣ್ಣು ಮುಚ್ಚಿ ಗೋಡೆಯ ಅಕ್ಷರ ಓದಿ ಅಂದಿದ್ದರು. ಅಕ್ಷರ ಹಾಗಿರಲಿ, ಗೋಡೆಯೇ ಇರಲಿಲ್ಲ. "ಇದು ಹೋಯ್ತು ಯಜಮಾನ್ರೇ. ಇನ್ನೊಂದನ್ನ ಉಳಿಸ್ಕೊಳ್ಳೋಣ. ಗಾಡಿ ಮಾತ್ರ ಮುಟ್ಬೇಡಿ" ಎಂದು ಡಾಕ್ಟರು ಹೇಳಿ ಚೀಟಿ ಬರೆದುಕೊಟ್ಟರು. ಆ ಚೀಟಿ ಖಾಕಿ ಬಟ್ಟೆಯ ಪೆಟ್ಟಿಗೆಯ ತಳ ಸೇರಿತು. ಕಣ್ಣಿನ ಔಷಧ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಹಾಕಿಕೊಳ್ಳುವುದಾಯಿತು. ಹೆಂಡತಿಗೆ ಹೇಳಿದರೆ ಪ್ರವಾಸ ಹೋಯಿತು. ಪ್ರವಾಸ ಹೋದರೆ ಹಾಳಾಗಿ ಹೋಗಲಿ, ಡ್ರೈವರ್ರು ಅನ್ನುವುದೇ ಹೋದರೆ ಮಿಕ್ಕುವುದೇನು, ಮಣ್ಣು! ಇದೊಂದು ಸಲ, ಆಮೇಲೆ ನಾನೇ ಬಿಡ್ತೀನಿ ಅಂತ ದೇವರಿಗೆ ಲಂಚ ಕೊಟ್ಟು ಸ್ಟಿಯರಿಂಗ್ ಹಿಡಿದಿದ್ದರು. ಇದಕ್ಕೆ ಧೈರ್ಯ ಅನ್ನಬೇಕೋ ಕೊಬ್ಬು ಅನ್ನಬೇಕೋ!

ಮೊದಲ ದಿನವೇ ದೇವರು ಲಂಚ ವಾಪಸು ಮಾಡಿದ ಹಾಗಿತ್ತು. ಎಡಗಡೆಯಿಂದ ಏನು ಬಂದರೂ ಏನೂ ಇಲ್ಲದ ಕಡೆಯಿಂದ ಹುಟ್ಟಿ ಬಂದಂತೆ ಬರುತ್ತಿತ್ತು. ಒಂದು ಸೈಕಲ್ಲು ಬಾನೆಟ್ಟಿನ ಮುಂದೆಯೇ ಧುತ್ತೆಂದು ಎದ್ದಿತು. ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿ ತಿರುಗಿಸಿ ನರ ಹಿಡಿಯಿತು. ದೀಪಸ್ತಂಭದ ಊರಿನಲ್ಲಿ ಕಂಡಕ್ಟ್ರಮ್ಮ ಮೆಟ್ಟಿಲು ಎಣಿಸುತ್ತಾ ಮೇಲೆ ಹೋದರು. ಡ್ರೈವರ್ರು ಮಂಡಿನೋವೆಂದು ಸುಳ್ಳು ಹೇಳಿ ಕೆಳಗೆ ಗೋಡೆಗೊರಗಿ, ಬೆವರಿಗೆ ಅಂಟಿದ ಅಂಗಿಯನ್ನು ಬೆನ್ನಿನಿಂದ ಬಿಡಿಸಿಕೊಂಡರು.

ಎರಡನೆಯ ದಿನ ಮಧ್ಯಾಹ್ನ ಕೋಟೆಯ ಊರು. ಇಕ್ಕಟ್ಟು ಬೀದಿ, ಎರಡೂ ಕಡೆ ಕಲ್ಲಿನ ಗೋಡೆ, ಗೋಡೆಗೆ ಒತ್ತಿಕೊಂಡೇ ಅಂಗಡಿ. ಕಂಡಕ್ಟ್ರಮ್ಮ ಅದೇ ನೀಲಿ ಬಟ್ಟೆಯಲ್ಲಿ ಇಳಿದು ಟೋಪಿ ಅಂಗಡಿಯಲ್ಲಿ ದಾರಿ ಕೇಳಲು ಹೋದರು. ಹಿಂದೆ ನಾಲ್ಕು ಗಾಡಿಗಳು ಒಂದೇ ಸಮನೆ ಹಾರನ್ನು ಬಡಿಯುತ್ತಿದ್ದವು. ಡ್ರೈವರ್ರಿಗೆ ತಲೆ ಕೆಟ್ಟುಹೋಗುವುದೊಂದು ಬಾಕಿ. ಅಷ್ಟರಲ್ಲಿ ಹಿಂಬಾಗಿಲು ತೆರೆಯಿತು. ಸೀಟಿನ ಮೇಲೆ ಏನೋ ಧೊಪ್ಪೆಂದಿತು. ಬಾಗಿಲು ಮುಚ್ಚಿತು. ಟಪ್ ಟಪ್, ಎರಡು ಬಡಿತ.

ಹೊರಟರು.

"ಎಡಕ್ಕೋ ಬಲಕ್ಕೋ? ಏನಂದ ಅಂಗಡಿಯವ್ನು?" ಉತ್ತರವಿಲ್ಲ. ಬೆಳಿಗ್ಗೆ ಸುಮ್ಮಸುಮ್ಮನೆ ರೇಗಿದ್ದೆನಲ್ಲ, ಮುಖ ಊದಿಸಿಕೊಂಡಿದ್ದಾಳೆ ಅಂದುಕೊಂಡರು. ಮುಂದೆ ಕೋಟೆಯ ಬಾಗಿಲು ಬಾಯಿ ಕಿರಿದು ಮಾಡಿಕೊಂಡು ನಿಂತಿತ್ತು. "ಲೇ, ಸಿಟ್ಟು ಆಮೇಲೆ ಮಾಡ್ಕೋ. ಎಡಗಡೆ ಜಾಗ ಇದೆಯಾ ನೋಡಿ ಹೇಳೇ!" ಆಗಲೂ ಉತ್ತರವಿಲ್ಲ. ಸ್ಟಿಯರಿಂಗ್ ಕೂದಲೆಳೆಯಷ್ಟು ಎಡಕ್ಕೆ ಹೋಯಿತು.

ಧಡ್!

ಯಾರೋ ಕಿರುಚಿದರು. ಡ್ರೈವರ್ರು ಬ್ರೇಕಿನ ಮೇಲೆ ನಿಂತೇಬಿಟ್ಟರು. "ಯಾರಿಗೆ ತಾಗ್ತು? ಹೇಳೇ, ಯಾರಿಗೆ ತಾಗ್ತು?" ಎಂದು ಮೈಯಿಡೀ ತಿರುಗಿಸಿ ಹಿಂದೆ ನೋಡಿದರು. ಸೀಟಿನ ಮೇಲೊಂದು ಕಲ್ಲಂಗಡಿ ಹಣ್ಣು. ಹೆಂಡತಿ ಇಲ್ಲ.

ಇವಳು ಹತ್ತಲೇ ಇಲ್ಲವೇ? ಹಾಗಾದರೆ ಗಾಡಿಯ ಜೊತೆ ಎಡಗಡೆಯಲ್ಲೇ ಓಡಿ ಬರುತ್ತಿದ್ದಳೇ, ನನಗೆ ಕಾಣದ ಕಡೆ? ಮುಂದಕ್ಕೆ ಯೋಚಿಸಲು ಅವರಿಗೆ ಧೈರ್ಯ ಸಾಲಲಿಲ್ಲ. ಬಾಗಿಲು ತೆಗೆದರು. ಬಾನೆಟ್ಟು ಹಿಡಿದುಕೊಂಡು ಸುತ್ತುಹಾಕಿದರು. ಕಾದ ತಗಡು ಅಂಗೈ ಸುಟ್ಟಿದ್ದೂ ಗೊತ್ತಾಗಲಿಲ್ಲ. ಮುಂದಿನ ಎಡಚಕ್ರದ ಕೆಳಗೆ ನೀಲಿ ಬಟ್ಟೆ.

ಅಲ್ಲೇ ಕುಸಿದರು. "ಅಯ್ಯೋ, ಕೊಂದೆನಲ್ಲಪ್ಪಾ" ಅನ್ನುತ್ತಾ ಆ ಬಟ್ಟೆ ಎಳೆದರು. ಬಂತು, ಬಂತು, ಬರುತ್ತಲೇ ಇತ್ತು. ಮಾರುದ್ದದ ಬಟ್ಟೆ, ತುದಿಗೆ ಹಗ್ಗ, ಹಗ್ಗಕ್ಕೆ ಮುರಿದ ಬಿದಿರಿನ ಗಳ. ಯಾವುದೋ ಅಂಗಡಿಯ ನೆರಳಿನ ಚಪ್ಪರ.

ಆ ಅಂಗಡಿಯ ಹೆಂಗಸು, ಬೀಸಣಿಗೆ ಮಾರುವವಳು, ಕೈಯಲ್ಲಿ ನೀರಿನ ಲೋಟ ಹಿಡಿದುಕೊಂಡೇ ನಿಂತಿದ್ದಳು. ಅವಳು ಕೂರುವ ಸ್ಟೂಲು ಗೋಡೆಗೂ ಕಾರಿಗೂ ನಡುವೆ ಪುಡಿಯಾಗಿತ್ತು. "ಈಗ ತಾನೇ ಎದ್ದೆ ಕಣಪ್ಪಾ, ಒಂದು ಗುಟುಕು ನೀರಿಗೆ ಅಂತ! ಇಷ್ಟು ದೊಡ್ಡ ಅಂಗಡಿ ಇದೆ, ನಿನಗೆ ಕಣ್ಣು ಕಾಣಲ್ವಾ?"

"ಕಾಣಲ್ಲ ತಾಯಿ" ಅಂದರು ಡ್ರೈವರ್ರು. "ಎಡಗಣ್ಣು ಕಾಣಲ್ಲ. ಒಂದು ವರ್ಷ ಆಯ್ತು."

ತಲೆ ಎತ್ತಿದರೆ ಎದುರಿಗೆ ಕಂಡಕ್ಟ್ರಮ್ಮ. ಚಪ್ಪಲಿ ಕೈಯಲ್ಲಿ, ಉಸಿರು ಗಂಟಲಲ್ಲಿ. "ಕನ್ನಡಕ ಟೋಪಿ ಅಂಗಡೀಲೇ ಬಿಟ್ಟಿದ್ದೆ, ವಾಪಸ್ ಹೋಗಿ ತರೋಣ ಅಂತ ಪಕ್ಕದಲ್ಲಿ ಕೊಂಡ ಹಣ್ಣು ಸೀಟಿಗೆಸೆದು ಬಾಗಿಲು ಹಾಕ್ದೆ. ಹಾಳು ಕೈ, ಸುಮ್ಮನಿರದೆ ಬಡೀತು. ನಿಲ್ಸಿ ನಿಲ್ಸಿ ಅಂತ ಅಷ್ಟು ದೂರ ಕೈ ಬೀಸ್ಕೊಂಡು ಓಡಿ ಬಂದೆ, ಕನ್ನಡೀಲಿ ಕಾಣ್ಲಿಲ್ವಾ..." ಅನ್ನುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ಗಂಡ ಹೇಳಿದ್ದು ಆಗ ತಲೆಗೆ ಹೋಯಿತು.

ಬೈಯುತ್ತಾರೆ ಅಂತ ಡ್ರೈವರ್ರು ಕಾದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಆಕೆ ಮೊದಲು ಬೀಸಣಿಗೆಯವಳನ್ನು ನೆರಳಿಗೆ ಕೂರಿಸಿ ನೀರು ಕುಡಿಸಿದರು. ಚಪ್ಪರ, ಸ್ಟೂಲು ಹೊಸದು ಮಾಡಿಸಿಕೊಡುವ ಮಾತಾಡಿದರು. ಕಾರು ತೆಗೆದುಕೊಂಡು ಹೋಗಲು ಅಳಿಯನಿಗೆ ಫೋನು ಮಾಡಿದರು. ಆಮೇಲೆ ಕೈ ಚಾಚಿದರು. ಡ್ರೈವರ್ರು ಕೀಲಿ ಕೊಟ್ಟರು.

"ಊಟಕ್ಕೆ ನಿಮ್ಮ ಎಡಗಡೆ ಕೂತ್ಕೊತೀನಲ್ಲ" ಅಂದರು ಕಂಡಕ್ಟ್ರಮ್ಮ. "ಒಂದು ವರ್ಷದಿಂದ ನಾನು ಏನಂದ್ರೂ ಮುಖ ಪೂರ್ತಿ ತಿರುಗ್ಸಿ ನನ್ನ ನೋಡೋರು ನೀವು. ಮೊದ್ಲೆಲ್ಲ ತಟ್ಟೆ ನೋಡ್ಕೊಂಡೇ ಹೂಂ ಅಂತಿದ್ರಿ. ವಯಸ್ಸಾದ ಮೇಲಾದ್ರೂ ಇವರಿಗೆ ಹೆಂಡ್ತಿ ಮುಖ ನೋಡ್ಬೇಕು ಅನ್ನಿಸ್ತಲ್ಲ ಅಂತ... ಮಗಳಿಗೂ ಹೇಳ್ಕೊಂಡು ಬೀಗಿದ್ದೆ ರೀ."

ಡ್ರೈವರ್ರಿಗೆ ಅಷ್ಟು ಹೊತ್ತಿನ ಹೆದರಿಕೆಯೆಲ್ಲ ಇದರ ಮುಂದೆ ಏನೂ ಅಲ್ಲವೆನಿಸಿತು. ನಾಚಿಕೆಯಿಂದ ಕಣ್ಣು ತುಂಬಿ, ಇದ್ದ ಒಂದು ಕಣ್ಣೂ ಮಂಜಾಯಿತು.

ಮೂರನೆಯ ಊರಿಗೆ ಬಸ್ಸಿನಲ್ಲಿ ಹೋದರು. ಕಂಡಕ್ಟ್ರಮ್ಮ ಗಂಡನನ್ನು ಎಡಗಡೆಯ ಕಿಟಕಿಗೆ ಕೂರಿಸಿ, ತಾವು ಅವರ ಬಲಕ್ಕೆ ಕುಳಿತರು. "ಇನ್ನು ತಿರುಗೋ ಕಷ್ಟ ಬೇಡ. ಇಲ್ಲಿದ್ರೆ ಹಾಗೇ ಕಾಣ್ತೀನಿ" ಅಂದರು. ಆ ಬಸ್ಸಿನ ಕಂಡಕ್ಟರು ಎರಡು ಬಡಿದ. ಬಸ್ಸು ಹೊರಟಿತು. ಡ್ರೈವರ್ರು ಮುಖವನ್ನು ಪೂರ್ತಿ ಬಲಕ್ಕೆ ತಿರುಗಿಸಿ ಹೆಂಡತಿಯನ್ನೇ ನೋಡುತ್ತಾ ಕುಳಿತರು. ತುಂಬ ಹೊತ್ತಾದರೂ ತಿರುಗಲಿಲ್ಲ.

"ಸಾಕು, ಮುಂದೆ ನೋಡಿ" ಅಂದರು ಕಂಡಕ್ಟ್ರಮ್ಮ.

ಅವರು ನೋಡಲಿಲ್ಲ.